ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಸುರಕ್ಷತೆ: ಬೀಗ ತೆಗೆಯುವುದರಿಂದ ಬೀಗ ಹಾಕುವವರೆಗೆ

ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಖೋ ಖೋ ಆಡಿ ಬೆವೆತು ಬಂದ ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಯೋಗಾಲಯದ ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಾಯಿಗೆ ಎತ್ತುವುದರಲ್ಲಿದ್ದ. ಅದರಲ್ಲಿದ್ದದ್ದು ಕಾಸ್ಟಿಕ್ ಸೋಡಾ ದ್ರಾವಣ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೋಡಿದರೆ ನೀರೇ. ಅದನ್ನು ಹಿಂದಿನ ಸಂಜೆ ಆ ಬಾಟಲಿಗೆ ತುಂಬಿಟ್ಟವನು ನಾನೇ. ಸರಿಯಾದ ಸೀಸೆ ಕೈಗೆ ಸಿಗಲಿಲ್ಲ, ನಾಳೆ ಬೆಳಿಗ್ಗೆ ಹೇಗೂ ಬೇಕಲ್ಲ ಎಂದು ಚೀಟಿಯನ್ನೂ ಅಂಟಿಸದೆ ಮನೆಗೆ ಹೋಗಿದ್ದೆ. ನಾನು ಕೂಗಿದ ರಭಸಕ್ಕೆ ಹುಡುಗ ಬಾಟಲಿಯನ್ನು ಕೈಬಿಟ್ಟದ್ದರಿಂದ ಉಳಿದುಕೊಂಡ. ಅಂದಿನಿಂದ ನನಗೆ ತಿಳಿದಿರುವುದು ಇಷ್ಟು: ಪ್ರಯೋಗಾಲಯದ ಅಪಘಾತವು ಪ್ರಯೋಗ ನಡೆಯುವ ನಲವತ್ತು ನಿಮಿಷಗಳಲ್ಲಿ ಹುಟ್ಟುವುದು ಕಡಿಮೆ, ಅದು ಹಿಂದಿನ ದಿನದ ಅವಸರದಲ್ಲಿ, ಕಪಾಟಿನ ಜೋಡಣೆಯಲ್ಲಿ, ಪಾಠ ಮುಗಿದ ಮೇಲಿನ ಗಡಿಬಿಡಿಯಲ್ಲಿ ಮೊದಲೇ ತಯಾರಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಕೋಣೆಯ ಬೀಗ ತೆಗೆಯುವಲ್ಲಿಂದಲೇ ಆರಂಭಿಸುತ್ತೇನೆ. ಇದು ಮುಖ್ಯವಾಗಿ ಪ್ರೌಢಶಾಲೆಯ ಮತ್ತು ಪದವಿಪೂರ್ವ ತರಗತಿಗಳ ಶಿಕ್ಷಕರಿಗಾಗಿ ಬರೆದದ್ದು. ವಿದ್ಯಾರ್ಥಿಗಳು ಓದಿದರೂ ಅರ್ಥವಾಗುತ್ತದೆ.

ಕೋಣೆಯ ಒಳಗೆ ಕಾಲಿಟ್ಟ ಕೂಡಲೇ

ಬಾಗಿಲು ತೆರೆದ ತಕ್ಷಣ ದೀಪದ ಸ್ವಿಚ್ಚಿಗೆ ಕೈ ಹಾಕಬಾರದು. ಮೊದಲು ಬಾಗಿಲ ಬಳಿಯೇ ನಿಂತು ವಾಸನೆ ಗಮನಿಸಬೇಕು. ದಸರಾ ರಜೆಯ ನಂತರವಂತೂ ಈ ಅಭ್ಯಾಸ ಬಹಳ ಮುಖ್ಯ, ಏಕೆಂದರೆ ದಿನಗಟ್ಟಲೆ ಮುಚ್ಚಿದ್ದ ಕೋಣೆಯಲ್ಲಿ ಬಿರಡೆ ಸಡಿಲವಾದ ಒಂದೇ ಸೀಸೆ ಸಾಕು, ಗಾಳಿಯೆಲ್ಲ ಆಮ್ಲದ ಹಬೆಯಿಂದ ತುಂಬಿರುತ್ತದೆ. ಅಡುಗೆ ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ಎರಡರಲ್ಲೂ ಕಿಡಿ ಹಾರುತ್ತದೆ. ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರವಾದದ್ದರಿಂದ ಅದು ಮೇಲಕ್ಕೆ ಹೋಗದೆ ನೆಲದ ಮೇಲೆ, ಮೇಜಿನ ಕೆಳಗೆ, ಚರಂಡಿಯ ಬಾಯಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 2ರಷ್ಟಾದರೂ ಸಾಕು, ಹೊತ್ತಿಕೊಳ್ಳುತ್ತದೆ. ಹಾಗಾಗಿ ಎತ್ತರದ ಕಿಟಕಿ ತೆರೆದರೆ ಸಾಲದು, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊರಗಿನಿಂದ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ವಾಸನೆ ಹೋಗುವವರೆಗೆ ಮಕ್ಕಳನ್ನು ಅಂಗಳದಲ್ಲೇ ನಿಲ್ಲಿಸಬೇಕು. ಸಿಲಿಂಡರ್ ಕೋಣೆಯ ಹೊರಗೆ, ನೆರಳಿನಲ್ಲಿ, ನೆಟ್ಟಗೆ ನಿಂತಿರಬೇಕು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆಯಾದರೂ, ಇಲಿಗಳಿರುವ ಕಟ್ಟಡದಲ್ಲಿ ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಆಮೇಲೆ ನಲ್ಲಿ. ನನ್ನ ದೃಷ್ಟಿಯಲ್ಲಿ ಪ್ರಯೋಗಾಲಯದ ಮೊದಲ ಸುರಕ್ಷತಾ ಸಾಧನ ಹರಿಯುವ ನೀರು. ಉಳಿದದ್ದೆಲ್ಲ ಅದರ ನಂತರದ್ದು. ಆಮ್ಲ ತಗುಲಿದ ಚರ್ಮವನ್ನೋ ಕಣ್ಣನ್ನೋ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಬೇಕು. ನಿಮಿಷಕ್ಕೆ ಮೂರು ಲೀಟರಿನಂತೆ ಸಣ್ಣ ಧಾರೆ ಬಿಟ್ಟರೂ ಅದಕ್ಕೆ 60 ಲೀಟರ್ ಬೇಕು, ಅಂದರೆ ನಾಲ್ಕೈದು ಬಿಂದಿಗೆ. ಬೇಸಿಗೆಯಲ್ಲಿ ಕರೆಂಟಿಲ್ಲದೆ ಬೋರ್‌ವೆಲ್ ಮೋಟಾರು ನಿಂತ ದಿನ ನಮ್ಮ ತಾಲ್ಲೂಕು ಶಾಲೆಗಳ ನಲ್ಲಿಗಳಲ್ಲಿ ಅಷ್ಟು ನೀರು ಬರುವುದಿಲ್ಲ. ಇದಕ್ಕೆ ಪರಿಹಾರ ಸುಲಭ: ಕೆಳಭಾಗದಲ್ಲಿ ನಲ್ಲಿಯಿರುವ ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಅದಕ್ಕೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ನೀರು ಬದಲಿಸಬೇಕು. ನಲ್ಲಿಯಲ್ಲೂ ನೀರಿಲ್ಲ, ಡ್ರಮ್ಮೂ ಬರಿದು ಎಂದಾದರೆ ಅಂದು ಆಮ್ಲ, ಕ್ಷಾರಗಳ ಪ್ರಯೋಗವೇ ಬೇಡ. ಆ ಅವಧಿಯಲ್ಲಿ ದರ್ಪಣ, ಮಸೂರಗಳ ಪ್ರಯೋಗ ಮಾಡಿಸಿದರೆ ಪಠ್ಯಕ್ಕೇನೂ ನಷ್ಟವಿಲ್ಲ.

ಎರಡು ಬಾಗಿಲುಗಳಿದ್ದರೆ ಎರಡೂ ತೆರೆದಿರಬೇಕು. ಹಲವು ಶಾಲೆಗಳಲ್ಲಿ ಎರಡನೆಯ ಬಾಗಿಲಿಗೆ ಅಡ್ಡವಾಗಿ ಮುರಿದ ಬೆಂಚು, ಹಳೆಯ ಭೂಪಟ, ಚುನಾವಣೆಯ ಸಮಯದಲ್ಲಿ ತಂದಿಟ್ಟ ಸಾಮಾನುಗಳಿರುತ್ತವೆ. ಅವನ್ನು ಬೇರೆಡೆಗೆ ಸಾಗಿಸದೆ ಮುಂದಿನ ಯಾವ ಹೆಜ್ಜೆಗೂ ಅರ್ಥವಿಲ್ಲ.

ಕಪಾಟು: ಅಕಾರಾದಿ ಜೋಡಣೆ ಬೇಡ

ರಾಸಾಯನಿಕಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸುವುದು ನೋಡಲು ಚೆಂದ, ಆದರೆ ಅಪಾಯಕಾರಿ. ಅಕ್ಷರಕ್ಕೆ ಯಾವುದು ಯಾವುದರೊಡನೆ ಜಗಳವಾಡುತ್ತದೆ ಎಂಬುದು ತಿಳಿಯದು. ನೈಟ್ರಿಕ್ ಆಮ್ಲವು ಸ್ಪಿರಿಟ್, ಅಸಿಟೋನ್, ಅಸಿಟಿಕ್ ಆಮ್ಲಗಳ ನೆರೆಯಲ್ಲಿ ಇರಕೂಡದು. ಪೊಟ್ಯಾಸಿಯಂ ಪರ್ಮಾಂಗನೇಟ್, ಪೊಟ್ಯಾಸಿಯಂ ನೈಟ್ರೇಟ್, ಕ್ಲೋರೇಟುಗಳಂಥ ಉತ್ಕರ್ಷಣಕಾರಿಗಳು (ಬೇರೆ ವಸ್ತುಗಳನ್ನು ಹೊತ್ತಿಸುವಂಥವು) ಗಂಧಕ, ಇದ್ದಿಲು, ಸಕ್ಕರೆ, ಗ್ಲಿಸರಿನ್‌ಗಳಿಂದ ದೂರವಿರಬೇಕು. ಪರ್ಮಾಂಗನೇಟಿನ ಪುಡಿಯ ಮೇಲೆ ಗ್ಲಿಸರಿನ್ ಸೋರಿದರೆ ಬೆಂಕಿಕಡ್ಡಿಯ ಅಗತ್ಯವೇ ಇಲ್ಲದೆ ಸ್ವಲ್ಪ ಹೊತ್ತಿನಲ್ಲಿ ಜ್ವಾಲೆ ಏಳುತ್ತದೆ. ಸೋಡಿಯಂ ಲೋಹದ ಸೀಸೆ ತೊಟ್ಟಿಯ ಹತ್ತಿರ ಇರಬಾರದು, ಅದರೊಳಗಿನ ಸೀಮೆಎಣ್ಣೆ ಲೋಹವನ್ನು ಪೂರ್ತಿ ಮುಳುಗಿಸಿರಬೇಕು. ಸೀಮೆಎಣ್ಣೆ ನಿಧಾನವಾಗಿ ಆರಿಹೋಗುವುದರಿಂದ ಪ್ರತಿ ತಿಂಗಳೂ ಮಟ್ಟ ನೋಡಬೇಕು. ಅಮೋನಿಯಾ ದ್ರಾವಣವನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಕ್ಕಪಕ್ಕ ಇಟ್ಟಿರುವ ಕಪಾಟನ್ನು ಗುರುತಿಸುವುದು ಸುಲಭ: ಸೀಸೆಗಳ ಕತ್ತಿನ ಮೇಲೂ ಕಪಾಟಿನ ಗಾಜಿನ ಮೇಲೂ ಬಿಳಿಯ ಪುಡಿ ಕೂತಿರುತ್ತದೆ. ಅದು ಧೂಳಲ್ಲ, ಅಮೋನಿಯಂ ಕ್ಲೋರೈಡ್. ಎರಡೂ ಸೀಸೆಗಳಿಂದ ಅನಿಲ ಸೋರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಆಮ್ಲದ ಸೀಸೆಗಳು ಎಂದೂ ಕಣ್ಣಿನ ಮಟ್ಟಕ್ಕಿಂತ ಮೇಲೆ ಇರಬಾರದು. ಅತ್ಯಂತ ಕೆಳಗಿನ ಅರೆಯಲ್ಲಿ, ಅಂಚಿರುವ ಪ್ಲಾಸ್ಟಿಕ್ ಟ್ರೇಯೊಳಗೆ ಇಟ್ಟರೆ ಒಡೆದರೂ ಸೋರಿಕೆ ಅಲ್ಲೇ ನಿಲ್ಲುತ್ತದೆ. ಕಬ್ಬಿಣದ ಬೀರುವಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟರೆ ಕೆಲವೇ ವರ್ಷಗಳಲ್ಲಿ ಅರೆಗಳು ತುಕ್ಕು ತಿಂದು, ಒಂದು ದಿನ ಸೀಸೆಗಳ ಸಮೇತ ಕುಸಿಯುತ್ತವೆ. ಮರದ ಕಪಾಟು ಲೇಸು.

ಚೀಟಿಯ ವಿಷಯದಲ್ಲಿ ಒಂದು ಹಳೆಯ ಉಪಾಯವಿದೆ. ಪೆನ್ನಿನ ಶಾಯಿ ಆಮ್ಲದ ಹಬೆಗೆ ಮಾಸಿಹೋಗುತ್ತದೆ, ಪೆನ್ಸಿಲಿನ ಬರಹ ಮಾಸುವುದಿಲ್ಲ, ಏಕೆಂದರೆ ಅದು ಇಂಗಾಲ. ಪೆನ್ಸಿಲಿನಲ್ಲಿ ವಸ್ತುವಿನ ಹೆಸರು, ಸಾರತೆ, ತಯಾರಿಸಿದ ದಿನಾಂಕ ಬರೆದು, ಚೀಟಿಯ ಮೇಲೆ ಮೇಣದಬತ್ತಿ ಉಜ್ಜಿದರೆ ಅಥವಾ ಸೆಲ್ಲೋಟೇಪ್ ಅಂಟಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ. ಚೀಟಿಯಿಲ್ಲದ ಸೀಸೆಯಲ್ಲಿ ಏನಿರಬಹುದು ಎಂದು ಮೂಸಿಯೋ ಊಹಿಸಿಯೋ ಪತ್ತೆ ಹಚ್ಚುವ ಸಾಹಸ ಬೇಡ; ಅದನ್ನು ‘ಗುರುತಿಲ್ಲದ್ದು’ ಎಂದು ಬರೆದು ಪ್ರತ್ಯೇಕಿಸಬೇಕು. ಕುಡಿಯುವ ನೀರಿನ, ತಂಪು ಪಾನೀಯದ ಬಾಟಲಿಗಳಿಗೆ ಪ್ರಯೋಗಾಲಯದೊಳಗೆ ಪ್ರವೇಶವೇ ಇರಬಾರದು, ಖಾಲಿಯಾಗಿದ್ದರೂ ಸಹ. ಅಂಗಡಿಯಿಂದ ಬರುವ ಸೀಸೆಗಳ ಮೇಲಿನ ಕೆಂಪು ಅಂಚಿನ ವಜ್ರಾಕಾರದ ಚಿಹ್ನೆಗಳನ್ನು ಮಕ್ಕಳಿಗೆ ಮೊದಲ ದಿನವೇ ಪರಿಚಯಿಸಬೇಕು: ಕೈಯನ್ನೂ ಲೋಹವನ್ನೂ ಕೊರೆಯುತ್ತಿರುವ ಹನಿಗಳಿದ್ದರೆ ಅದು ಸುಡುವ ವಸ್ತು, ಬರಿಯ ಜ್ವಾಲೆಯಿದ್ದರೆ ಹೊತ್ತಿಕೊಳ್ಳುವಂಥದ್ದು, ವೃತ್ತದ ಮೇಲೆ ಜ್ವಾಲೆಯಿದ್ದರೆ ಬೇರೆಯದನ್ನು ಹೊತ್ತಿಸುವಂಥದ್ದು, ತಲೆಬುರುಡೆಯಿದ್ದರೆ ವಿಷ.

ಮಕ್ಕಳ ಉಡುಪು

ಮೇಣದ ಹಾಗೆ ಕರಗುವ ಪಾಲಿಯೆಸ್ಟರ್ ಸಮವಸ್ತ್ರವೇ ನಮ್ಮ ಮಕ್ಕಳ ಮೈಮೇಲಿರುವುದು. ಬೆಂಕಿ ತಗುಲಿದರೆ ಹತ್ತಿ ಬಟ್ಟೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಬಿಸಿ ಪಾಕ ಕೈಮೇಲೆ ಬಿದ್ದವರನ್ನು ಕಂಡ ಮಂಡ್ಯದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಮೊಣಕಾಲಿನವರೆಗೆ ಬರುವ ದಪ್ಪ ಹತ್ತಿಯ ಏಪ್ರನ್ ಬೇಕು. ಪ್ರತಿ ಮಗುವಿಗೂ ಕೊಳ್ಳಲಾಗದಿದ್ದರೆ ಒಂದು ತಂಡಕ್ಕೆ ಆಗುವಷ್ಟನ್ನು ಶಾಲೆಯೇ ಹೊಲಿಸಿಟ್ಟುಕೊಳ್ಳಬಹುದು. ವೇಲನ್ನು ಹಿಂದಕ್ಕೆ ಹಾಕಿ ಗಂಟು ಕಟ್ಟಬೇಕು, ಜಡೆಯನ್ನು ಮಡಿಚಿ ಕಟ್ಟಬೇಕು, ಇಳಿಬಿದ್ದ ಮಲ್ಲಿಗೆ ದಂಡೆಯನ್ನು ಅಂದಿನ ಮಟ್ಟಿಗೆ ತೆಗೆದಿಡಬೇಕು. ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ಆಮ್ಲದ ಕೆಲಸ ಕೊಡದೆ ವೀಕ್ಷಣೆ ಬರೆದುಕೊಳ್ಳುವ ಕೆಲಸ ಕೊಡಿ, ಆದರೆ ಎಲ್ಲರ ಮುಂದೆ ಗದರಬೇಡಿ; ಶೂ ಇಲ್ಲದಿರುವುದಕ್ಕೆ ಮನೆಯ ಕಾರಣಗಳಿರುತ್ತವೆ.

ರಕ್ಷಣಾ ಕನ್ನಡಕಕ್ಕೆ ಬದಲಿಯಿಲ್ಲ. ದೃಷ್ಟಿದೋಷದ ಕನ್ನಡಕ ಅದರ ಕೆಲಸ ಮಾಡದು, ಏಕೆಂದರೆ ಹನಿಗಳು ಪಕ್ಕದಿಂದ ಹಾರುತ್ತವೆ. ಶಿಕ್ಷಕರು ತಾವೇ ಹಾಕಿಕೊಳ್ಳದೆ ಮಕ್ಕಳಿಗೆ ಹಾಕಿಕೊಳ್ಳಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದ್ದೂ ಇಲ್ಲ.

ಹಿಂದಿನ ಸಂಜೆಯ ಕೆಲಸ

ಮಕ್ಕಳ ಮುಂದೆ ಮಾಡುವ ಯಾವ ಪ್ರಯೋಗವನ್ನೂ ಮೊದಲ ಬಾರಿಗೆ ಅವರ ಮುಂದೆಯೇ ಮಾಡಬಾರದು. ಹಿಂದಿನ ಸಂಜೆ ಒಮ್ಮೆ ಮಾಡಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ನೊರೆ ಉಕ್ಕುತ್ತದೆ, ಯಾವ ಕ್ಷಣದಲ್ಲಿ ಮಕ್ಕಳು ಮುಂದಕ್ಕೆ ಬಾಗುತ್ತಾರೆ ಎಂಬುದನ್ನು ಅರಿಯಬೇಕು. ಪ್ರತಿ ಗುಂಪಿಗೆ ಬೇಕಾದಷ್ಟನ್ನೇ ಸಣ್ಣ ಸೀಸೆಗಳಲ್ಲಿ ಅಳೆದಿಟ್ಟು, ದೊಡ್ಡ ಸೀಸೆಗಳನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದರೆ ಅರ್ಧ ಗಂಡಾಂತರ ಕಳೆದಂತೆ. ಪಠ್ಯ 2 ಗ್ರಾಂ ಎಂದಿದ್ದರೆ 2 ಗ್ರಾಂ ಮಾತ್ರ. ‘ಚೆನ್ನಾಗಿ ಕಾಣಲಿ’ ಎಂದು ಮುಷ್ಟಿ ತುಂಬ ಹಾಕುವ ಉತ್ಸಾಹ ಹೊಸ ಶಿಕ್ಷಕರಲ್ಲಿ ಹೆಚ್ಚು. ಸೋಡಿಯಂ ತುಂಡು ಸಾಸಿವೆಕಾಳಿಗಿಂತ ತುಸು ದೊಡ್ಡದಿದ್ದರೆ ಸಾಕು, ಅದನ್ನೂ ಶಿಕ್ಷಕರೇ ಅಗಲವಾದ ತೊಟ್ಟಿಯ ನೀರಿಗೆ ಹಾಕಬೇಕು.

ಆಮ್ಲವನ್ನು ಸಾರರಿಕ್ತಗೊಳಿಸುವ (ತೆಳುಗೊಳಿಸುವ) ಕ್ರಮ

ಈ ಒಂದು ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಬಾರದು. ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 1.84, ನೀರಿನದು 1. ಆಮ್ಲದ ಮೇಲೆ ನೀರು ಸುರಿದರೆ ಹಗುರವಾದ ನೀರು ಮೇಲೆಯೇ ನಿಂತು, ಎರಡೂ ಸೇರುವಲ್ಲಿ ಹುಟ್ಟುವ ಶಾಖಕ್ಕೆ ಅಲ್ಲಿಯೇ ಕುದಿದು, ಒಗ್ಗರಣೆಯ ಕಾದ ಎಣ್ಣೆಗೆ ನೀರಿನ ಹನಿ ಬಿದ್ದಾಗ ಸಿಡಿಯುವಂತೆ ಆಮ್ಲವನ್ನೂ ಹೊತ್ತುಕೊಂಡು ಸಿಡಿಯುತ್ತದೆ. ನೀರಿಗೆ ಆಮ್ಲವನ್ನು ಹನಿಸಿದಾಗ ಭಾರದ ಆಮ್ಲ ಕೆಳಕ್ಕಿಳಿದು ಹರಡಿಕೊಳ್ಳುತ್ತದೆ, ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ‘ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ’ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಈ ಕಾರಣವನ್ನು ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಒಂದು ಲೀಟರ್ 1 ಮೋಲಾರ್ ದ್ರಾವಣಕ್ಕೆ ಶೇಕಡಾ 98ರ ಸಲ್ಫ್ಯೂರಿಕ್ ಆಮ್ಲ ಸುಮಾರು 55 ಮಿಲಿಲೀಟರ್ ಬೇಕು. ಮೊದಲು ಬೋರೋಸಿಲಿಕೇಟ್ ಗಾಜಿನ ಬೀಕರಿನಲ್ಲಿ 700 ಮಿಲಿಲೀಟರ್ ಭಟ್ಟಿ ಇಳಿಸಿದ ನೀರು ತೆಗೆದುಕೊಂಡು, ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ನಿಲ್ಲಿಸಬೇಕು. ಕನ್ನಡಕ, ಕೈಗವಸು, ಏಪ್ರನ್ ಧರಿಸಿ, ಆಮ್ಲವನ್ನು ಗಾಜಿನ ಕಡ್ಡಿಯ ಗುಂಟ ಸಣ್ಣ ಧಾರೆಯಾಗಿ ಇಳಿಸುತ್ತಾ ಕಲಕುತ್ತಿರಬೇಕು. ಬೀಕರಿನ ಹೊರಮೈ ಕೈಗೆ ಬಿಸಿ ಎನ್ನಿಸಿದರೆ ನಿಲ್ಲಿಸಿ, ತಣಿದ ಮೇಲೆ ಮುಂದುವರಿಸಬೇಕು. ಎಲ್ಲವೂ ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಒಂದು ಲೀಟರಿಗೆ ಭರ್ತಿ ಮಾಡಬೇಕು. ಇದಕ್ಕೆ ಅರ್ಧ ಗಂಟೆ ಹಿಡಿದರೆ ಹಿಡಿಯಲಿ. ಬಿಸಿ ದ್ರಾವಣವನ್ನು ಅಳತೆಯ ಫ್ಲಾಸ್ಕಿಗೆ ಸುರಿದರೆ ಅಳತೆಯೂ ತಪ್ಪು, ಗಾಜೂ ಬಿರಿಯಬಹುದು.

ಕಾಸ್ಟಿಕ್ ಸೋಡಾವನ್ನು ಆಮ್ಲದಷ್ಟು ಗಂಭೀರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಇದು ತಪ್ಪು. ಆಮ್ಲ ತಗುಲಿದಾಗ ತಕ್ಷಣ ಉರಿಯುತ್ತದೆ, ಮಗು ಕೂಗುತ್ತದೆ. ಕ್ಷಾರವು ಮೊದಲು ಸೋಪಿನಂತೆ ಜಾರುತ್ತದಷ್ಟೇ, ನೋವು ತಡವಾಗಿ ಬರುತ್ತದೆ, ಅಷ್ಟರಲ್ಲಿ ಅದು ಆಳಕ್ಕೆ ಇಳಿದಿರುತ್ತದೆ. ಕಣ್ಣಿನ ವಿಷಯದಲ್ಲಿ ಕ್ಷಾರವೇ ಹೆಚ್ಚು ಕ್ರೂರಿ. ‘ಮನೆಯಲ್ಲಿ ಸಿಗುವ ವಸ್ತುಗಳಿಂದ ಮಾಡಿದರೆ ಅಪಾಯವಿಲ್ಲ’ ಎಂಬ ಮಾತನ್ನೂ ಇಲ್ಲಿಯೇ ತಿದ್ದಬೇಕು: ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣಿಗೆ ಸಿಡಿಸಿಕೊಂಡ ಮಕ್ಕಳು ಆಸ್ಪತ್ರೆ ಸೇರಿದ ಪ್ರಕರಣಗಳು ನಮ್ಮ ದೇಶದಲ್ಲಿ ಹಲವಿವೆ. ಅರಿಶಿನ, ದಾಸವಾಳದ ರಸಗಳ ಸೂಚಕ ಪ್ರಯೋಗಕ್ಕೆ ಸುಣ್ಣದ ತಿಳಿನೀರು ಸಾಕು, ಸುಣ್ಣದ ಮುದ್ದೆ ಬೇಡ.

ದ್ರವವನ್ನು ಅಳೆದು ತೆಗೆಯುವ ಗಾಜಿನ ಕೊಳವೆ, ಅಂದರೆ ಪಿಪೆಟ್ಟನ್ನು ಬಾಯಿಂದ ಹೀರುವ ಪದ್ಧತಿ ಪಿಯುಸಿ ಪ್ರಯೋಗಾಲಯಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹಾಗೆ ಹೀರುವ ಆಕ್ಸಾಲಿಕ್ ಆಮ್ಲ ವಿಷ. ರಬ್ಬರಿನ ಬಲ್ಬ್ ಹೆಚ್ಚು ಬೆಲೆಯದಲ್ಲ, ಪರೀಕ್ಷೆಯ ದಿನ ಹೊಸದಾಗಿ ಕೊಟ್ಟರೆ ಮಕ್ಕಳು ತಡಬಡಿಸುತ್ತಾರೆ, ಆದ್ದರಿಂದ ವರ್ಷದ ಮೊದಲ ಅನುಮಾಪನದಿಂದಲೇ (ದ್ರಾವಣದ ಸಾರತೆ ಅಳೆಯುವ ಪ್ರಯೋಗದಿಂದಲೇ) ರೂಢಿಸಬೇಕು.

ಬೆಂಕಿ

ಸ್ಪಿರಿಟ್ ದೀಪ ನೋಡಲು ಸಾಧು. ಅದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆರಿದೆ ಎಂದು ತಿಳಿದು ಮೇಲಿನಿಂದ ಸ್ಪಿರಿಟ್ ಸುರಿದರೆ ಜ್ವಾಲೆ ಸೀಸೆಯೊಳಕ್ಕೆ ನುಗ್ಗಿ, ಸುರಿಯುವವರ ಎದುರಿಗೆ ಕುಳಿತವರ ಮುಖಕ್ಕೆ ಚಿಮ್ಮುತ್ತದೆ. ದೀಪಕ್ಕೆ ತುಂಬುವುದನ್ನು ತರಗತಿಗೆ ಮುಂಚೆಯೇ, ತಣ್ಣಗಿರುವಾಗ, ಮೂರನೇ ಎರಡು ಭಾಗದಷ್ಟು ಮಾತ್ರ ಮಾಡಿ, ಸ್ಪಿರಿಟ್ ಡಬ್ಬವನ್ನು ಬೇರೆ ಕೋಣೆಗೆ ಕಳಿಸಬೇಕು. ತರಗತಿಯ ನಡುವೆ ಯಾವ ದೀಪ ಬರಿದಾದರೂ ಆ ಗುಂಪು ಇನ್ನೊಂದು ಗುಂಪಿನೊಡನೆ ಸೇರಿಕೊಳ್ಳಲಿ, ಮತ್ತೆ ತುಂಬುವುದು ಬೇಡ. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಬಾರದು, ಊದಿ ಆರಿಸಬಾರದು. ಟೋಪಿ ಮುಚ್ಚಿದರೆ ಆರುತ್ತದೆ.

ಪ್ರನಾಳವನ್ನು ಕಾಯಿಸುವಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬಾರದು. ಇಕ್ಕಳದಲ್ಲಿ ಬಾಯಿಯ ಹತ್ತಿರ ಹಿಡಿದು, ಓರೆಯಾಗಿ ಬಾಗಿಸಿ, ತಳವನ್ನೊಂದೇ ಕಾಯಿಸದೆ ಮೇಲಿನಿಂದ ಕೆಳಕ್ಕೆ ಆಡಿಸುತ್ತಾ ಕಾಯಿಸಬೇಕು. ಬಾಯಿ ತನ್ನ ಕಡೆಗೂ ಇರಬಾರದು, ಪಕ್ಕದವರ ಕಡೆಗೂ ಇರಬಾರದು. ಇಪ್ಪತ್ತು ಮಕ್ಕಳು ಎದುರುಬದುರು ನಿಂತ ಮೇಜಿನಲ್ಲಿ ಯಾರ ಕಡೆಗೂ ಇಲ್ಲದ ದಿಕ್ಕೇ ಇರುವುದಿಲ್ಲ, ಆದ್ದರಿಂದ ಕಾಯಿಸುವ ಪ್ರಯೋಗಗಳಲ್ಲಿ ಮಕ್ಕಳು ಮೇಜಿನ ಒಂದೇ ಬದಿಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲುವಂತೆ ಏರ್ಪಾಡು ಮಾಡಬೇಕು. ಹಳೆಯ ತಂತಿ ಬಲೆಗಳ ನಡುವಿನ ಬಿಳಿ ವೃತ್ತ ಆಸ್ಬೆಸ್ಟಾಸ್ ಆಗಿರುವ ಸಂಭವವಿದೆ. ಉದುರುತ್ತಿದ್ದರೆ ಕೆರೆಯಲು ಹೋಗದೆ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಸೆರಾಮಿಕ್ ನಡುವಿರುವ ಬಲೆ ತರಿಸಿಕೊಳ್ಳಬೇಕು. ಮೆಗ್ನೀಷಿಯಂ ಪಟ್ಟಿ ಉರಿಯುವಾಗ ನೇರವಾಗಿ ದಿಟ್ಟಿಸಬಾರದು.

ಬೆಂಕಿ ಆರಿಸುವ ಸಲಕರಣೆಗಳಲ್ಲಿ ಮರಳಿನ ಬಕೆಟ್ ಎಲ್ಲ ಶಾಲೆಯಲ್ಲೂ ಇರುತ್ತದೆ, ಅದರಲ್ಲಿ ಕಾಗದದ ಚೂರು, ಪೆನ್ಸಿಲ್ ಹೆರೆದ ಸಿಪ್ಪೆಗಳೂ ಇರುತ್ತವೆ. ಮರಳನ್ನು ಜರಡಿ ಹಿಡಿದು ಬಿಸಿಲಿಗೆ ಒಣಗಿಸಿ ಮುಚ್ಚಿಡಬೇಕು, ಏಕೆಂದರೆ ಸೋಡಿಯಂಗೆ ಹೊತ್ತಿದ ಬೆಂಕಿಗೆ ಒದ್ದೆ ಮರಳು ಹಾಕುವುದೂ ನೀರು ಹಾಕುವುದೂ ಒಂದೇ. ಉರಿಯುವ ಸೋಡಿಯಂ, ಮೆಗ್ನೀಷಿಯಂಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಕೂಡದು. ಮೆಗ್ನೀಷಿಯಂ ಆ ಅನಿಲದಲ್ಲಿಯೂ ಉರಿಯುತ್ತದೆ. ಉಳಿದ ಬೆಂಕಿಗಳಿಗೆ ಎಬಿಸಿ ಪುಡಿಯ ಅಗ್ನಿಶಾಮಕ ಸೂಕ್ತ, ಅದರ ಮಾಪಕದ ಮುಳ್ಳು ಹಸಿರಿನಲ್ಲಿ ಇರಬೇಕು. ಪಿನ್ ಎಳೆದು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಬೀಸಬೇಕು. ಬೀಕರಿನೊಳಗೆ ಹೊತ್ತಿದ ಸಣ್ಣ ಬೆಂಕಿಗೆ ಇಷ್ಟೆಲ್ಲ ಬೇಡ, ಮೇಲೊಂದು ಟೈಲ್ಸ್ ಮುಚ್ಚಿದರೆ ಸಾಕು. ಇದರ ಜೊತೆಗೆ ನಮ್ಮ ಕುರುಬರು ನೇಯುವ ಕರಿಯ ಉಣ್ಣೆ ಕಂಬಳಿಯೊಂದನ್ನು ಬಾಗಿಲ ಬಳಿ ಮೊಳೆಗೆ ತೂಗುಹಾಕಿಡಿ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ; ಬಟ್ಟೆಗೆ ಬೆಂಕಿ ಹತ್ತಿದ ಮಗುವನ್ನು ಓಡಲು ಬಿಡದೆ ಮಲಗಿಸಿ ಇದರಲ್ಲಿ ಸುತ್ತಬಹುದು.

ಕಾಣದ ಅನಿಲಗಳು, ಕಂಡೂ ತಿಳಿಯದ ಅನಿಲಗಳು

ಹತ್ತನೇ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಲೆಡ್ ನೈಟ್ರೇಟ್ ಕಾಯಿಸುವ ಚಟುವಟಿಕೆಯಿದೆ. ಅದರಿಂದೇಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಿಗೆ ಹೋದಾಗ ಸ್ವಲ್ಪ ಕೆಮ್ಮು ಬಂದು ನಿಂತುಹೋಗಬಹುದು, ಆದರೆ ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಹಲವು ಗಂಟೆಗಳ ನಂತರ, ಮಗು ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳಬಲ್ಲದು. ಇದನ್ನು ಶಿಕ್ಷಕರೇ, ಒಂದೇ ಬಾರಿ, ಫ್ಯೂಮ್ ಹುಡ್ (ಹೊಗೆಯನ್ನು ಹೊರಕ್ಕೆಳೆಯುವ ಗೂಡು) ಇಲ್ಲದಿದ್ದರೆ ಜಗಲಿಯಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ತೋರಿಸಬೇಕು; ಆಸ್ತಮಾ ಇರುವ ಮಕ್ಕಳನ್ನು ದೂರ ನಿಲ್ಲಿಸಬೇಕು.

ನೀರಿನ ವಿದ್ಯುದ್ವಿಭಜನೆಯಲ್ಲಿ ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಬೇಕು. ಮನೆಯಲ್ಲಿ ಮಾಡಿ ನೋಡುವ ಮಕ್ಕಳು ಆಮ್ಲವಿಲ್ಲವೆಂದು ಅಡುಗೆ ಉಪ್ಪು ಹಾಕುತ್ತಾರೆ, ಆಗ ಧನಾಗ್ರದಲ್ಲಿ ಆಮ್ಲಜನಕದ ಬದಲು ಕ್ಲೋರಿನ್ ಬರುತ್ತದೆ. ಜಾಣ ಮಕ್ಕಳೇ ಈ ತಪ್ಪು ಮಾಡುವವರು. ಪಾಠದಲ್ಲಿಯೇ ಇದನ್ನು ಹೇಳಿಬಿಡಬೇಕು, ಜೊತೆಗೆ ಬ್ಲೀಚಿಂಗ್ ಪುಡಿಗೆ ಶೌಚಾಲಯದ ಆಸಿಡ್ ಬೆರೆಸಿದರೂ ಅದೇ ಅನಿಲ ಏಳುತ್ತದೆ ಎಂಬುದನ್ನೂ ಹೇಳಬೇಕು. ಈ ಮಾಹಿತಿ ಅಂಕಗಳಿಗಿಂತ ಮನೆಗೆ ಉಪಯೋಗ. ಪಿಯುಸಿ ಲವಣ ವಿಶ್ಲೇಷಣೆಯ ಹೈಡ್ರೋಜನ್ ಸಲ್ಫೈಡ್ ಇನ್ನೊಂದು ಬಗೆಯ ಮೋಸಗಾರ. ಅದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಮಂಕಾಗುತ್ತದೆ, ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ಅರ್ಥವಲ್ಲ. ಯಾವ ಅನಿಲವನ್ನಾದರೂ ಮೂಸುವ ಕ್ರಮ ಒಂದೇ: ಪ್ರನಾಳವನ್ನು ಮೂಗಿಗೆ ಒಯ್ಯದೆ, ಅಂಗೈಯಿಂದ ಹಬೆಯನ್ನು ಸ್ವಲ್ಪವೇ ಮೂಗಿನತ್ತ ಬೀಸಿಕೊಳ್ಳುವುದು.

ಗಾಜು, ಪಾದರಸ, ವಿದ್ಯುತ್, ಜೀವಶಾಸ್ತ್ರ

ನಾನು ಕಂಡಂತೆ ರಕ್ತ ಬರುವ ಗಾಯಗಳು ಹೆಚ್ಚಾಗಿ ಆಗುವುದು ಬಿರಡೆಯ ರಂಧ್ರಕ್ಕೆ ಗಾಜಿನ ಕೊಳವೆ ತೂರಿಸುವಾಗ. ಕೊಳವೆಯ ತುದಿಯನ್ನು ಮೊದಲೇ ಜ್ವಾಲೆಯಲ್ಲಿ ನುಣುಪು ಮಾಡಿಟ್ಟಿದ್ದು, ಸೋಪಿನ ನೀರು ಅಥವಾ ಗ್ಲಿಸರಿನ್ ಹಚ್ಚಿ, ದಪ್ಪ ಬಟ್ಟೆಯಲ್ಲಿ ಬಿರಡೆಯ ಹತ್ತಿರವೇ ಹಿಡಿದು, ತಳ್ಳದೆ ತಿರುಗಿಸುತ್ತಾ ಸೇರಿಸಬೇಕು. ಬಿಸಿ ಗಾಜೂ ತಣ್ಣನೆಯ ಗಾಜೂ ಕಣ್ಣಿಗೆ ಒಂದೇ ತೆರ. ಮುಟ್ಟುವ ಮೊದಲು ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಬೇಕು.

ಪಾದರಸದ ಉಷ್ಣತಾಮಾಪಕಗಳ ಬದಲು ಆಲ್ಕೋಹಾಲಿನವನ್ನು ತರಿಸಿ. ಇರುವುದು ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಂದುಗೂಡಿಸಿ, ಡ್ರಾಪರಿನಿಂದ ಎಳೆದು ನೀರಿರುವ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಬಿರುಕಿನೊಳಗೆ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಬೇಕು. ಪೊರಕೆ ಹಾಕಬಾರದು, ಅಂಗೈಯಲ್ಲಿ ಉರುಳಿಸಿ ಆಡಲು ಕೊಡಬಾರದು.

ಭೌತಶಾಸ್ತ್ರದ ಮಂಡಲಗಳಿಗೆ ಬ್ಯಾಟರಿಯೇ ಸಾಕು. ಗೋಡೆಯ 230 ವೋಲ್ಟನ್ನು ಮಕ್ಕಳ ಮೇಜಿಗೆ ತರುವ ಅನಿವಾರ್ಯ ಬಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸರಬರಾಜು ಕಡಿಯುವ ಸ್ವಿಚ್) ಇರುವ ಸಾಲಿನಿಂದ ಮಾತ್ರ ತರಬೇಕು. ಪೀನ ಮಸೂರವನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಬಿಟ್ಟು ಹೋಗಬಾರದು, ಅದರ ಮೂಲಕ ಸೂರ್ಯನನ್ನು ನೋಡಲೇಬಾರದು. ಜೀವಶಾಸ್ತ್ರದಲ್ಲಿ ಬ್ಲೇಡನ್ನು ಬೆರಳಿನ ಕಡೆಗಲ್ಲದೆ ಆಚೆ ಕಡೆಗೆ ಎಳೆಯುವುದು, ಫಾರ್ಮಲಿನ್ (ಜೀವಿಗಳ ಮಾದರಿಗಳನ್ನು ಕೆಡದಂತೆ ಇಡುವ ದ್ರಾವಣ) ಜಾಡಿಯನ್ನು ಮುಚ್ಚಿಯೇ ತೋರಿಸುವುದು, ರಕ್ತದ ಗುಂಪು ಪರೀಕ್ಷೆಯಲ್ಲಿ ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಮುಟ್ಟಿಸದಿರುವುದು, ಇಷ್ಟನ್ನು ಪಾಲಿಸಿದರೆ ಬಹುಪಾಲು ಸಾಕು. ಬಿಸಿಯೂಟಕ್ಕೆ ಮುಂಚಿನ ಅವಧಿಯಲ್ಲಿ ಪ್ರಯೋಗವಿದ್ದರೆ ಗಂಟೆಗೆ ಮೊದಲೇ ನಿಲ್ಲಿಸಿ ಎಲ್ಲರೂ ಸೋಪಿನಿಂದ ಕೈ ತೊಳೆದರೇ ಎಂದು ಬಾಗಿಲಲ್ಲಿ ನಿಂತು ನೋಡಬೇಕು.

ಏನಾದರೂ ಆಗಿಬಿಟ್ಟರೆ

ಚರ್ಮದ ಮೇಲೆ ಆಮ್ಲವೋ ಕ್ಷಾರವೋ ಬಿದ್ದರೆ ನೀರು, ತಕ್ಷಣ, ಇಪ್ಪತ್ತು ನಿಮಿಷ. ನೆನೆದ ಬಟ್ಟೆಯನ್ನು ನೀರು ಬೀಳುತ್ತಿರುವಾಗಲೇ ತೆಗೆಯಬೇಕು. ಹುಡುಗಿಯರಿಗಾಗಿ ಒಂದು ಸೀರೆಯನ್ನೋ ಪಂಚೆಯನ್ನೋ ಮರೆ ಹಿಡಿಯಲು ಮೊದಲೇ ಇಟ್ಟಿದ್ದರೆ ನಾಚಿಕೆಯಿಂದ ಅಮೂಲ್ಯ ನಿಮಿಷಗಳು ಹೋಗುವುದಿಲ್ಲ. ಆಮ್ಲ ಬಿದ್ದ ಚರ್ಮಕ್ಕೆ ಕ್ಷಾರ ಹಚ್ಚಿ ತಟಸ್ಥಗೊಳಿಸುವ ಯೋಚನೆ ಬೇಡ, ಆ ಕ್ರಿಯೆಯೂ ಶಾಖವನ್ನೇ ಹುಟ್ಟಿಸುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಕೊಳೆ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ಓರೆ ಮಾಡಿ ತೊಳೆಯಬೇಕು. ಸುಟ್ಟ ಗಾಯಕ್ಕೂ ಹರಿಯುವ ತಣ್ಣೀರೇ ಮದ್ದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದೂ ಬೇಡ. ನುಂಗಿದ್ದರೆ ಬಾಯಿ ಮುಕ್ಕಳಿಸಿ, ವಾಂತಿ ಮಾಡಿಸದೆ, ಆ ವಸ್ತುವಿನ ಸೀಸೆಯನ್ನೋ ಅದರ ಚೀಟಿಯ ಚಿತ್ರವನ್ನೋ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಬೇಕು.

ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101, ಎಲ್ಲಕ್ಕೂ ಸೇರಿ 112. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇವೆ, ಸರಿ. ಆದರೆ ನಾಗಮಂಗಲದ ಒಳಗಿನ ಹಳ್ಳಿಯಿಂದ ಮಂಡ್ಯ ತಲುಪಲು ಒಂದು ಗಂಟೆಯಾದರೂ ಬೇಕು. ನೀರು ಹಾಕದೆ ಬೈಕಿನ ಮೇಲೆ ಕೂರಿಸಿಕೊಂಡು ಓಡಿದರೆ ಆ ಒಂದು ಗಂಟೆಯೂ ಆಮ್ಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಬ್ಬರು ನೀರು ಹಾಕುತ್ತಿರಲಿ, ಇನ್ನೊಬ್ಬರು ವಾಹನ ಕರೆಸಲಿ.

ವಸ್ತುಪ್ರದರ್ಶನದ ದಿನ

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ.ವಿ. ರಾಮನ್ ಅವರು ರಾಮನ್ ಪರಿಣಾಮವನ್ನು (ಬೆಳಕಿನ ಚದುರುವಿಕೆಯ ಒಂದು ವಿದ್ಯಮಾನ) ಪ್ರಕಟಿಸಿದ ನೆನಪಿಗೆ ಶಾಲೆಗಳಲ್ಲಿ ಅಂದು ಮಾದರಿಗಳ ಪ್ರದರ್ಶನ ನಡೆಯುತ್ತದೆ. ನನಗೆ ವರ್ಷದಲ್ಲಿ ಅತ್ಯಂತ ಭಯ ಹುಟ್ಟಿಸುವ ದಿನ ಇದೇ. ಪ್ರಯೋಗಗಳು ನೀರಿರುವ ಕೋಣೆ ಬಿಟ್ಟು ಜಗಲಿಗೆ ಬಂದಿರುತ್ತವೆ, ಶಾಮಿಯಾನದ ಬಟ್ಟೆ ತಲೆಯ ಮೇಲಿರುತ್ತದೆ, ಪುಟ್ಟ ತಮ್ಮ ತಂಗಿಯರು ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿರುತ್ತಾರೆ. ಜ್ವಾಲಾಮುಖಿ ಮಾದರಿಗೆ ಅಮೋನಿಯಂ ಡೈಕ್ರೋಮೇಟ್ ಉರಿಸುವುದನ್ನು ಪೂರ್ತಿ ಕೈಬಿಡಬೇಕು, ಅದರ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಉಕ್ಕಿಸಿದರೂ ತಂದೆತಾಯಿಯರು ಚಪ್ಪಾಳೆ ಹೊಡೆಯುತ್ತಾರೆ. ಹೈಡ್ರೋಜನ್ ಬಲೂನು ಬೇಡ. ಪ್ರತಿ ಮಾದರಿಯನ್ನೂ ಎರಡು ದಿನ ಮೊದಲು ಶಿಕ್ಷಕರು ನೋಡಿ ಒಪ್ಪಬೇಕು, ಒಪ್ಪಿದ ಮೇಲೆ ಹೊಸ ರಾಸಾಯನಿಕ ಸೇರಿಸಬಾರದು.

ತೊಳೆದು, ಎಣಿಸಿ, ಬೀಗ ಹಾಕುವುದು

ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಪ್ರಯೋಗ ನಿಲ್ಲಬೇಕು. ಉಳಿದ ಸಾರರಿಕ್ತ ಆಮ್ಲಕ್ಕೆ ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ನೊರೆ ನಿಂತ ಮೇಲೆ ಧಾರಾಳ ನೀರಿನೊಂದಿಗೆ ತೊಟ್ಟಿಗೆ ಬಿಡಬಹುದು. ಸೀಸ, ಕ್ರೋಮಿಯಂ, ಪಾದರಸಗಳಿರುವುದನ್ನು ತೊಟ್ಟಿಗೆ ಬಿಡದೆ, ಹೆಸರು ಬರೆದ ಪ್ರತ್ಯೇಕ ಜಾಡಿಯಲ್ಲಿ ಕೂಡಿಡಬೇಕು. ಒಡೆದ ಗಾಜನ್ನು ಕಾಗದದ ಬುಟ್ಟಿಗೆ ಹಾಕಿದರೆ ಗಾಯವಾಗುವುದು ಕಸ ಎತ್ತುವವರ ಕೈಗೆ. ಅದಕ್ಕೊಂದು ರಟ್ಟಿನ ಪೆಟ್ಟಿಗೆ ಬೇರೆಯೇ ಇರಲಿ. ಒಮ್ಮೆ ಹೊರತೆಗೆದ ರಾಸಾಯನಿಕ ಮತ್ತೆ ಮೂಲ ಸೀಸೆಗೆ ಹೋಗಬಾರದು.

ಮೇಜಿನ ಮೇಲೆ ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಇರಲಿ. ಅದರಲ್ಲಿ ಆದ ಅಪಘಾತಗಳಷ್ಟೇ ಅಲ್ಲ, ಆಗುವುದರಲ್ಲಿದ್ದು ತಪ್ಪಿದವೂ ದಿನಾಂಕದೊಂದಿಗೆ ದಾಖಲಾಗಬೇಕು, ಹೆಸರು ಬರೆಯದಿದ್ದರೂ ನಡೆಯುತ್ತದೆ. ನನ್ನ ಪುಸ್ತಕದ ಮೊದಲ ಪುಟದಲ್ಲಿರುವುದು ಆ ಕಾಸ್ಟಿಕ್ ಸೋಡಾ ಬಾಟಲಿ. ಬರೆದಾದ ಮೇಲೆ ಸೋಡಿಯಂ ಸೀಸೆಯನ್ನೂ ಆಮ್ಲದ ಸೀಸೆಗಳನ್ನೂ ಎಣಿಸಿ, ಸಿಲಿಂಡರಿನ ರೆಗ್ಯುಲೇಟರ್, ಮುಖ್ಯ ಸ್ವಿಚ್, ನಲ್ಲಿಗಳನ್ನು ಈ ಕ್ರಮದಲ್ಲಿಯೇ ಮುಚ್ಚಿ, ಬೀಗ ಹಾಕಬೇಕು. ಬೀಗದ ಕೈ ಸಿಬ್ಬಂದಿ ಕೋಣೆಯ ಗೋಡೆಯ ಮೊಳೆಗಲ್ಲ, ಮುಖ್ಯೋಪಾಧ್ಯಾಯರ ಬೀರುವಿಗೆ ಹೋಗಬೇಕು.